ಬಂಗಡೆ ಎಣಿಸಿ, ಇಸ್ವಾಣ ತೂಗಿ: ಸಂಶೋಧಕರ ಲೆಕ್ಕ ಕೇಳಿದವರಿಗೆ

ಕಳೆದ ಸಂಚಿಕೆಯಲ್ಲಿ ಪಿಎಚ್‌ಡಿ ಸೇರುವ ಹುಡುಗಿಯೊಬ್ಬಳಿಗೆ ಉತ್ತರ ಕೊಡುವಾಗ ‘ಸೈಟೇಶನ್ ನೋಡಿ ಗೈಡ್ ಆರಿಸಬೇಡ’ ಎಂದು ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲಿನಿಂದಲೂ ಪತ್ರಗಳು ಬಂದಿವೆ. ಕೆಲವರಿಗೆ ಸಿಟ್ಟು ಬಂದಿದೆ, ಕೆಲವರಿಗೆ ಸೈಟೇಶನ್ ಅಂದರೇನು ಅಂತಲೇ ಗೊತ್ತಿಲ್ಲ. ಒಬ್ಬರ ಸಂಶೋಧನಾ ಪೇಪರನ್ನು ಇನ್ನೊಬ್ಬರು ತಮ್ಮ ಪೇಪರಿನಲ್ಲಿ ‘ಇಂಥವರು ಹೀಗೆ ಹೇಳಿದ್ದಾರೆ’ ಎಂದು ಉಲ್ಲೇಖಿಸಿದರೆ ಅದು ಒಂದು ಸೈಟೇಶನ್. ಅಷ್ಟೇ. ನಾನು ಮೂವತ್ತು ವರ್ಷ ಕಾಲೇಜು ಲೈಬ್ರರಿ ನೋಡಿಕೊಂಡವಳು, ವಿಜ್ಞಾನಿ ಅಲ್ಲ. ಆದರೆ ಈ ಲೆಕ್ಕಗಳ ಜೊತೆ ಗುದ್ದಾಡಿ ಅಭ್ಯಾಸವಿದೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಮೇಡಂ, ನನ್ನ ಮಗಳು ಸಾಗರ ಜೀವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾಳೆ. ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ವಿಷಯದಲ್ಲಿ ಮಾಡುತ್ತಾನೆ. ಚೌತಿಗೆ ಬಂದವನು ‘ನನ್ನ ಎಚ್-ಇಂಡೆಕ್ಸ್ 11, ನಿನ್ನದು ಬರೀ 4’ ಎಂದು ತಂಗಿಗೆ ನಗಾಡಿದ. ಅವಳು ಪಂಚಕಜ್ಜಾಯವನ್ನೂ ಮುಟ್ಟದೆ ಎದ್ದು ಹೋದಳು. ಈ 11 ಮತ್ತು 4 ಅಂದರೆ ಏನು? ಅವಳು ನಿಜವಾಗಿ ಹಿಂದೆ ಬಿದ್ದಿದ್ದಾಳಾ?
— ಒಬ್ಬ ತಾಯಿ, ಕೋಡಿಬಾಗ, ಕಾರವಾರ

ಮೊದಲು ಆ 4 ಎಲ್ಲಿಂದ ಬಂತು ನೋಡೋಣ. ಮಗಳ ಪೇಪರುಗಳನ್ನು ಸೈಟೇಶನ್ ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಸಾಲಾಗಿ ಇಡಿ. ಸುಮ್ನೆ ಉದಾಹರಣೆಗೆ, 20, 9, 6, 4, 2 ಅಂತ ಇದೆ ಎನ್ನಿ. ಈಗ ಒಂದೊಂದೇ ಎಣಿಸುತ್ತಾ ಬನ್ನಿ. ನಾಲ್ಕನೇ ಪೇಪರಿಗೆ 4 ಇದೆ, ಸರಿ. ಐದನೆಯದಕ್ಕೆ 5 ಬೇಕು, ಇರುವುದು 2. ಅಲ್ಲಿಗೆ ನಿಲ್ಲಿಸಿ. ಎಚ್-ಇಂಡೆಕ್ಸ್ 4. ಅಂದರೆ ಕನಿಷ್ಠ ನಾಲ್ಕು ನಾಲ್ಕು ಸಲ ಉಲ್ಲೇಖವಾದ ನಾಲ್ಕು ಪೇಪರುಗಳಿವೆ ಎಂದರ್ಥ. ಇದನ್ನು ಹುಟ್ಟುಹಾಕಿದವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಶ್, 2005ರಲ್ಲಿ. ಅವರ ಮನಸ್ಸಿನಲ್ಲಿ ಇದ್ದದ್ದು ಭೌತವಿಜ್ಞಾನಿಗಳು. ಇಪ್ಪತ್ತು ವರ್ಷ ಕೆಲಸ ಮಾಡಿದ ಮೇಲೆ 20 ಬಂದರೆ ಆ ವಿಜ್ಞಾನಿ ಗೆದ್ದ ಹಾಗೆ ಎಂದು ಬರೆದರು. ಜೀವವಿಜ್ಞಾನದವರ ಸಂಖ್ಯೆ ಬೇರೆ ಥರ ಇರುತ್ತದೆ ಎಂದು ಅದೇ ಪೇಪರಿನಲ್ಲಿ ಹೇಳಿದ್ದರು. ಆ ಮಾತನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಸಂಖ್ಯೆಯನ್ನು ಮಾತ್ರ ಎತ್ತಿಕೊಂಡು ಹೋದರು. 2020ರಲ್ಲಿ ಹಿರ್ಶ್ ಅವರೇ ಇದರಿಂದ ಕೆಟ್ಟದ್ದೂ ಆಗುತ್ತಿದೆ ಎಂದು ಬರೆದರು.

ಈ ಲೆಕ್ಕದಲ್ಲಿ ವಿಚಿತ್ರಗಳಿವೆ. ಒಬ್ಬರ ಪೇಪರುಗಳಿಗೆ 300, 3, 2 ಬಂದಿದೆ ಎನ್ನಿ. ಅವರ ಎಚ್-ಇಂಡೆಕ್ಸ್ ಬರೀ 2! ಆ ಮುನ್ನೂರಕ್ಕೆ ಬೆಲೆಯೇ ಇಲ್ಲ. ಇನ್ನೊಂದು, ಈ ಸಂಖ್ಯೆ ಕೆಳಗೆ ಇಳಿಯುವುದೇ ಇಲ್ಲ. ಸಂಶೋಧನೆ ಬಿಟ್ಟು ಊರಲ್ಲಿ ತೋಟ ನೋಡಿಕೊಂಡು ಕೂತರೂ ಹಳೆಯ ಪೇಪರಿನ ಬಲದಲ್ಲಿ ಏರುತ್ತಲೇ ಇರಬಹುದು. ಅಂದರೆ ಇದು ಸ್ವಲ್ಪ ವಯಸ್ಸಿನ ಲೆಕ್ಕವೂ ಹೌದು. ಅಣ್ಣ ಎಷ್ಟು ವರ್ಷ ಮೊದಲು ಶುರು ಮಾಡಿದ ಕೇಳಿ.

ಈಗ ವಿಷಯದ ಮಾತು. ನಿಮ್ಮೂರಿನ ಮೀನು ಮಾರ್ಕೆಟ್ಟಿಗೆ ಹೋಗಿ. ಬಂಗಡೆಯನ್ನು ಎಣಿಸಿ ಕೊಡುತ್ತಾರೆ, ನೂರು ರೂಪಾಯಿಗೆ ಇಷ್ಟು ಅಂತ. ದೊಡ್ಡ ಇಸ್ವಾಣವನ್ನು ತೂಗಿ ಕೊಡುತ್ತಾರೆ. ತಿಸ್ರೆಯನ್ನು ಪಾಲು ಹಾಕಿ ಇಟ್ಟಿರುತ್ತಾರೆ. ಒಬ್ಬಳ ಬುಟ್ಟಿಯಲ್ಲಿ 60 ಬಂಗಡೆ, ಪಕ್ಕದವಳ ಬುಟ್ಟಿಯಲ್ಲಿ 2 ಇಸ್ವಾಣ. ‘ನಿನ್ನದು ಬರೀ ಎರಡು’ ಎಂದು ಆ ಎರಡನೆಯವಳಿಗೆ ಹೇಳಿ ನೋಡಿ, ಮತ್ತೆ ನಾನು ಅಲ್ಲಿರುವುದಿಲ್ಲ. ನಿಮ್ಮ ಮಗ ಮಾಡಿದ್ದು ಅದೇ.

ಕಂಪ್ಯೂಟರ್ ವಿಷಯದಲ್ಲಿ, ಅದರಲ್ಲೂ ಈಗಿನ ಎಐ ಕಡೆ, ಕೆಲಸ ಮಾಡುವವರೇ ಲಕ್ಷಗಟ್ಟಲೆ. ಸಮ್ಮೇಳನದಲ್ಲಿ ಇವತ್ತು ಓದಿದ ಪೇಪರನ್ನು ಆರು ತಿಂಗಳೊಳಗೆ ಇನ್ನೊಬ್ಬ ಉಲ್ಲೇಖಿಸಿರುತ್ತಾನೆ. ಸಮುದ್ರದ ಕೆಲಸ ಹಾಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಕಾಳಿ ನದಿ ಬಾಯಲ್ಲಿ ಮಳೆಗಾಲಕ್ಕೆ ಒಂದು ಉಪ್ಪು, ಬೇಸಿಗೆಗೆ ಇನ್ನೊಂದು ಉಪ್ಪು. ಒಂದು ಮಾತು ಹೇಳಬೇಕಾದರೆ ಎರಡು ಮೂರು ವರ್ಷದ ಮಾದರಿ ಬೇಕು. ಆಮೇಲೆ ಅದನ್ನು ಓದುವವರು ಎಷ್ಟು ಜನ? ಜಗತ್ತಿನಲ್ಲಿ ಆ ಹುಳದ ಮೇಲೆ, ಆ ಚಿಪ್ಪಿನ ಮೇಲೆ ಕೆಲಸ ಮಾಡುವವರು ಕೆಲವೊಮ್ಮೆ ಒಂದು ಟೆಂಪೋದಲ್ಲಿ ಕೂರುವಷ್ಟೇ ಇರುತ್ತಾರೆ.

ಮಗಳು ಜೀವಿಗಳನ್ನು ಗುರುತಿಸಿ ಹೆಸರಿಡುವ ಕೆಲಸದಲ್ಲಿದ್ದರಂತೂ ಕಥೆ ಇನ್ನೂ ಬೇರೆ. ಬಂಗಡೆಯ ವೈಜ್ಞಾನಿಕ ಹೆಸರು ರಾಸ್ಟ್ರೆಲ್ಲಿಜರ್ ಕನಗುರ್ಟ. (ಕನಗುರ್ಟ ಅನ್ನುವುದು ತೆಲುಗು ಕರಾವಳಿಯ ಹೆಸರು. ನಮ್ಮ ‘ಬಂಗಡೆ’ಗೆ ಆ ಭಾಗ್ಯ ಬರಲಿಲ್ಲ, ಹೋಗಲಿ.) ಅದರ ಮುಂದೆ ‘ಕುವಿಯೆ, 1816’ ಎಂದು ಬರೆಯುತ್ತಾರೆ, ಹೆಸರಿಟ್ಟ ಫ್ರೆಂಚ್ ವಿಜ್ಞಾನಿ ಅವರು. ಬಂಗಡೆ ಬಗ್ಗೆ ಎಷ್ಟು ಸಾವಿರ ಪೇಪರು ಬಂದಿವೆಯೋ. ಬಹಳಷ್ಟರಲ್ಲಿ ಕುವಿಯೆ ಹೆಸರಿದೆ. ಆದರೆ ಪೇಪರಿನ ಕೊನೆಯ ಉಲ್ಲೇಖ ಪಟ್ಟಿಯಲ್ಲಿ ಆ ಪುಸ್ತಕವನ್ನು ಸೇರಿಸುವವರು ತೀರಾ ಕಡಿಮೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಸೈಟೇಶನ್ ಸೊನ್ನೆ. ಹೊಸ ಜಾತಿ ಕಂಡುಹಿಡಿದವರ ಕೆಲಸವನ್ನು ಎಲ್ಲರೂ ಬಳಸುತ್ತಾರೆ, ಲೆಕ್ಕಕ್ಕೆ ಯಾರೂ ಹಿಡಿಯುವುದಿಲ್ಲ.

ಹೋಲಿಸಲೇಬೇಕು ಅಂತಿದ್ದರೆ ಅದಕ್ಕೆ ಬೇರೆ ದಾರಿ ಇದೆ. ಅದೇ ವಿಷಯ, ಅದೇ ವರ್ಷ, ಅದೇ ಥರದ ಪೇಪರುಗಳಿಗೆ ಜಗತ್ತಿನಲ್ಲಿ ಸರಾಸರಿ ಎಷ್ಟು ಸೈಟೇಶನ್ ಬಂದಿದೆ ಎಂದು ತೆಗೆದು, ಅದರಿಂದ ನಮ್ಮ ಸಂಖ್ಯೆಯನ್ನು ಭಾಗಿಸುತ್ತಾರೆ. 1 ಬಂದರೆ ಸರಾಸರಿ. ಮಗಳ ಪೇಪರಿಗೆ 6 ಬಂದಿದ್ದು ಆ ವಿಷಯದ ಸರಾಸರಿ 4 ಇದ್ದರೆ ಅವಳದು 1.5. ಮಗನ ಪೇಪರಿಗೆ 15 ಬಂದಿದ್ದು ಅಲ್ಲಿಯ ಸರಾಸರಿ 20 ಇದ್ದರೆ ಅವನದು 0.75. ಇವು ನಾನು ಕಟ್ಟಿದ ಅಂಕಿಗಳು, ಆದರೆ ಲೆಕ್ಕದ ರೀತಿ ಇದೇ. ಸೈಟೇಶನ್ ಎಣಿಸುವ ಸ್ಕೋಪಸ್ ಎಂಬ ಜಾಲತಾಣದಲ್ಲಿ ಇದನ್ನು ‘ಫೀಲ್ಡ್ ವೇಟೆಡ್ ಸೈಟೇಶನ್ ಇಂಪ್ಯಾಕ್ಟ್’ ಎನ್ನುತ್ತಾರೆ. ಇದಕ್ಕೂ ಒಂದು ಹುಳುಕಿದೆ. ನಾಲ್ಕೈದೇ ಪೇಪರು ಇದ್ದಾಗ ಒಂದು ಪೇಪರು ಎದ್ದು ಕುಣಿದರೆ ಸರಾಸರಿ ಪೂರ್ತಿ ಎದ್ದು ಕುಣಿಯುತ್ತದೆ. ಅದಕ್ಕೇ ‘ತನ್ನ ವಿಷಯದಲ್ಲಿ ಅತಿ ಹೆಚ್ಚು ಸೈಟೇಶನ್ ಬಂದ ಶೇ 10ರಲ್ಲಿ ತನ್ನ ಎಷ್ಟು ಪೇಪರು ಇವೆ’ ಎಂದು ನೋಡುವುದು ಇನ್ನೂ ಒಳ್ಳೆಯದು ಎನ್ನುವವರು ಇದ್ದಾರೆ, ನಾನೂ ಆ ಕಡೆಯವಳೇ.

ದೀಪಾವಳಿಗೆ ಮಗ ಬಂದಾಗ ಈ ಲೆಕ್ಕ ಹಾಕಿಸಿ. ಪಂಚಕಜ್ಜಾಯ ಇನ್ನೊಮ್ಮೆ ಮಾಡಿ.

ಗೂಗಲ್ ಸ್ಕಾಲರ್‌ನಲ್ಲಿ ನನ್ನ ಸೈಟೇಶನ್ 210, ಸ್ಕೋಪಸ್‌ನಲ್ಲಿ 96, ವೆಬ್ ಆಫ್ ಸೈನ್ಸ್‌ನಲ್ಲಿ 71. ಅರ್ಜಿಯಲ್ಲಿ ಯಾವುದನ್ನು ಬರೆಯಲಿ? ಮೂರರಲ್ಲಿ ಯಾವುದು ಸುಳ್ಳು?
— ಒಬ್ಬ ಉಪನ್ಯಾಸಕ, ಶಿರಸಿ

ಯಾವುದೂ ಸುಳ್ಳಲ್ಲ ಮಾರಾಯರೇ. ಮೂರು ಬಲೆ, ಮೂರು ಕಣ್ಣು. ಗೂಗಲ್ ಸ್ಕಾಲರ್ ಸಣ್ಣ ಕಣ್ಣಿನ ಬಲೆ. ಪಿಎಚ್‌ಡಿ ಪ್ರಬಂಧ, ಪುಸ್ತಕದ ಅಧ್ಯಾಯ, ಇನ್ನೂ ಅಚ್ಚಾಗದ ಪೇಪರ್, ಯಾವುದೋ ಕಾಲೇಜಿನ ಸೈಟಿಗೆ ಏರಿಸಿದ ಪಿಡಿಎಫ್, ಎಲ್ಲ ಹಿಡಿಯುತ್ತದೆ. ಕಸವೂ ಬರುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಆರಿಸಿದ ಜರ್ನಲ್‌ಗಳ (ಸಂಶೋಧನಾ ಪತ್ರಿಕೆಗಳ) ಒಳಗೆ ಮಾತ್ರ ಎಣಿಸುತ್ತವೆ. ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಎರಡೂ ಶುರುವಾದದ್ದು 2004ರಲ್ಲಿ. ವೆಬ್ ಆಫ್ ಸೈನ್ಸ್‌ನ ಬೇರು 1960ರ ದಶಕದಲ್ಲಿ ಯೂಜೀನ್ ಗಾರ್ಫೀಲ್ಡ್ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೊರತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್‌ನಲ್ಲಿದೆ. ನಾವು ಲೈಬ್ರರಿ ಸೈನ್ಸ್ ಓದುವಾಗ ಇದನ್ನು ಪಾಠದಲ್ಲಿ ಉರು ಹೊಡೆದಿದ್ದೆವು. ಅಚ್ಚಾದ ದಪ್ಪ ಸಂಪುಟ, ಅಕ್ಷರ ಇರುವೆ ಸಾಲಿನ ಹಾಗೆ. ಗಾರ್ಫೀಲ್ಡ್‌ಗೆ ಈ ಯೋಚನೆ ಹೊಳೆದದ್ದು ವಕೀಲರಿಂದ ಅನ್ನುವುದು ನನಗೆ ಈಗಲೂ ಮಜಾ ಅನಿಸುತ್ತದೆ. ಹಳೆಯ ತೀರ್ಪನ್ನು ಆಮೇಲೆ ಯಾವ ಯಾವ ಕೋರ್ಟು ಎತ್ತಿ ಹೇಳಿದೆ, ಯಾವುದು ತಳ್ಳಿಹಾಕಿದೆ ಎಂದು ಪಟ್ಟಿ ಮಾಡುವ ಶೆಪರ್ಡ್ಸ್ ಎಂಬ ಪುಸ್ತಕ ಅಮೆರಿಕದಲ್ಲಿ 1873ರಿಂದಲೇ ಇತ್ತು. ಅದನ್ನೇ ವಿಜ್ಞಾನಕ್ಕೆ ತಂದರು. ಅವರ ಉದ್ದೇಶ ಪೇಪರು ಹುಡುಕುವುದಾಗಿತ್ತು, ಮನುಷ್ಯರಿಗೆ ಮಾರ್ಕು ಹಾಕುವುದಲ್ಲ.

ಅರ್ಜಿಯಲ್ಲಿ ಮೂರನ್ನೂ ಬರೆಯಿರಿ. ಪಕ್ಕದಲ್ಲಿ ಎಲ್ಲಿಂದ ತೆಗೆದದ್ದು, ಯಾವ ದಿನ ತೆಗೆದದ್ದು ಎಂದು ಹಾಕಿ. ಒಂದೇ ಕೇಳಿದ್ದರೆ ಅವರು ಕೇಳಿದ್ದನ್ನು ಕೊಡಿ. ಗೂಗಲ್‌ನ ಎಚ್-ಇಂಡೆಕ್ಸ್ ತೆಗೆದು ಸ್ಕೋಪಸ್ ಎಂದು ಬರೆಯಬೇಡಿ, ಸಂದರ್ಶನದಲ್ಲಿ ಕೂತವರು ಅಲ್ಲೇ ಮೊಬೈಲಿನಲ್ಲಿ ನೋಡುತ್ತಾರೆ.

ಅದಕ್ಕಿಂತ ದೊಡ್ಡ ತೊಂದರೆ ನಿಮ್ಮ ಪತ್ರದ ಕೆಳಗಿನ ಸಹಿಯಲ್ಲೇ ಇದೆ. ಶಿರಸಿಯಲ್ಲಿ ಒಂದು ಕಲ್ಲು ಹೊಡೆದರೆ ಹೆಗಡೆಯೋ ಭಟ್ಟರೋ ಸಿಗುತ್ತಾರೆ, ಕರಾವಳಿಗೆ ಇಳಿದರೆ ನಾಯ್ಕ, ಗೌಡ, ಗಾಂವಕರ್. ಒಂದೇ ಇನಿಶಿಯಲ್ ಇರುವ ಹೆಗಡೆ ಎಷ್ಟು ಜನ ಪೇಪರು ಬರೆಯುತ್ತಿರಬಹುದು ಹೇಳಿ! ಅದರ ಮೇಲೆ ಹೆಗಡೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಎರಡು ಮೂರು ಥರ ಬರೆಯುತ್ತೇವೆ. ನಾಯ್ಕ, ನಾಯಕ್ ಅಂತೂ ಕೇಳಬೇಡಿ. ಅಪ್ಪನ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಊರಿನ ಹೆಸರು ಒಮ್ಮೆ ಇದೆ, ಒಮ್ಮೆ ಇಲ್ಲ. ಮದುವೆಯಾದ ಮೇಲೆ ಹೆಸರು ಬದಲಾಯಿಸಿದ ಹೆಣ್ಣುಮಕ್ಕಳದು ಎರಡು ಪ್ರೊಫೈಲ್ ಆಗಿ ಸೀಳಿಹೋಗಿರುತ್ತದೆ. ಒಮ್ಮೆ ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಒಬ್ಬರ ಪ್ರೊಫೈಲಿನಲ್ಲಿ ಹೃದಯದ ಆಪರೇಶನ್ನಿನ ಪೇಪರು ಕೂತಿತ್ತು. ಅವರು ಅದನ್ನು ತೆಗೆಸಲು ಹೋಗಿ ಸುಸ್ತಾದರು. ಸೈಟೇಶನ್ ಮಾತ್ರ ಚೆನ್ನಾಗಿ ಬಂದಿತ್ತು ಎಂದು ಆಮೇಲೆ ನಗುತ್ತಿದ್ದರು.

ಇದಕ್ಕೆ ಮದ್ದು ಆರ್ಕಿಡ್. ಹೂವಲ್ಲ, ಓ-ಆರ್-ಸಿ-ಐ-ಡಿ. 2012ರಲ್ಲಿ ಶುರುವಾದದ್ದು. 16 ಅಂಕಿಯ ಒಂದು ಸಂಖ್ಯೆ ಕೊಡುತ್ತಾರೆ, ಉಚಿತ. ಊರು, ಕೆಲಸ, ಅಡ್ಡಹೆಸರು ಏನು ಬದಲಾದರೂ ಸಂಖ್ಯೆ ನಿಮ್ಮದೇ. ಇವತ್ತೇ ಮಾಡಿಕೊಳ್ಳಿ. ಇನ್ನು ಮುಂದೆ ಎಲ್ಲ ಪೇಪರಿನಲ್ಲೂ ಹೆಸರನ್ನು ಒಂದೇ ಥರ ಬರೆಯಿರಿ.

ಅಘನಾಶಿನಿ ನದಿಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆ) ಕಗ್ಗ ಭತ್ತ ಬೆಳೆಯುವವ ನಾನು. ಕಾಲೇಜಿನವರು ಎರಡು ವರ್ಷ ಬಂದು ವಿವರ ಬರೆದುಕೊಂಡರು, ಬೀಜವನ್ನೂ ಒಯ್ದರು. ಈಗ ಪೇಪರು ಬಂದಿದೆ. ಏಳು ಜನರ ಹೆಸರಿದೆ, ನನ್ನ ಹೆಸರು ಕೊನೆಯಲ್ಲಿ ಧನ್ಯವಾದದಲ್ಲಿ ಇದೆ. ಏಳು ಜನ ಸೇರಿ ಒಂದು ಬರೆದರೆ ಅದರ ಲೆಕ್ಕ ಯಾರಿಗೆ ಹೋಗುತ್ತದೆ?
— ಒಬ್ಬ ಕೃಷಿಕ, ಕುಮಟಾ ತಾಲೂಕು

ಏಳೂ ಜನಕ್ಕೆ ಪೂರ್ತಿ ಪೂರ್ತಿ ಹೋಗುತ್ತದೆ. ಒಂದು ತೆಂಗಿನಕಾಯಿಯನ್ನು ಏಳು ಮನೆಗೆ ಹಂಚಿ, ಏಳೂ ಮನೆಯವರು ‘ನಮಗೆ ಒಂದು ಕಾಯಿ ಬಂತು’ ಎಂದು ಬರೆದುಕೊಂಡ ಹಾಗೆ. ಒಂದನ್ನು ಏಳರಿಂದ ಭಾಗಿಸಿ ಹಂಚುವ ಪದ್ಧತಿಯೂ ಇದೆ, ಆದರೆ ಅದನ್ನು ಬಳಸುವವರು ಕಡಿಮೆ. ಯಾಕೆ ಅಂತ ನಿಮಗೇ ಗೊತ್ತು.

ಹೆಸರಿನ ಸಾಲಿನಲ್ಲೂ ಒಂದೊಂದು ವಿಷಯಕ್ಕೆ ಒಂದೊಂದು ಶಾಸ್ತ್ರ. ಜೀವವಿಜ್ಞಾನದಲ್ಲಿ ಕೆಲಸ ಮಾಡಿದವರು ಮೊದಲು, ಲ್ಯಾಬಿನ ಯಜಮಾನರು ಕೊನೆಗೆ. ಗಣಿತದಲ್ಲಿ ಸಾಮಾನ್ಯವಾಗಿ ಅಕ್ಷರಮಾಲೆಯ ಕ್ರಮ, ಅಲ್ಲಿ ಕೊನೆಗೆ ಇದ್ದವರು ಕಡಿಮೆ ಮಾಡಿದರು ಅಂತಲ್ಲ. ಕಣ ಭೌತವಿಜ್ಞಾನದಲ್ಲಿ ಊರಿಗೆ ಊರೇ ಬರೆಯುತ್ತದೆ. 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಬಂದ ಒಂದು ಪೇಪರಿಗೆ 5,154 ಲೇಖಕರು. 33 ಪುಟದ ಪೇಪರಿನಲ್ಲಿ ವಿಷಯ 9 ಪುಟ, ಉಳಿದ 24 ಪುಟ ಹೆಸರುಗಳು ಮತ್ತು ಅವರ ಸಂಸ್ಥೆಗಳು. ಅದೇ ಕಣವನ್ನು ಮೊದಲು ಊಹಿಸಿದವರಲ್ಲಿ ಒಬ್ಬರಾದ ಪೀಟರ್ ಹಿಗ್ಸ್ 1964ರ ನಂತರ ಬರೆದದ್ದು ಹತ್ತಕ್ಕೂ ಕಡಿಮೆ ಪೇಪರು. 2013ರಲ್ಲಿ ನೊಬೆಲ್ ಬಂತು. ಈಗಿನ ಕಾಲದಲ್ಲಿ ತನಗೆ ಕೆಲಸವೇ ಸಿಗುತ್ತಿರಲಿಲ್ಲ ಎಂದು ಅವರೇ ಹೇಳಿದ್ದರು.

ಬೆಕ್ಕಿಗೂ ಹೆಸರು ಸಿಕ್ಕಿದೆ ಗೊತ್ತಾ? 1975ರಲ್ಲಿ ಅಮೆರಿಕದ ಜಾಕ್ ಹೆದರಿಂಗ್ಟನ್ ಒಬ್ಬರೇ ಒಂದು ಪೇಪರು ಬರೆದು, ಅದರ ತುಂಬಾ ‘ನಾವು’ ಎಂದು ಹಾಕಿದ್ದರು. ಒಬ್ಬನೇ ಬರೆದಿದ್ದಕ್ಕೆ ‘ನಾವು’ ಒಪ್ಪುವುದಿಲ್ಲ ಎಂದು ಸ್ನೇಹಿತರು ಹೇಳಿದರು. ಪೂರ್ತಿ ಮತ್ತೆ ಟೈಪ್ ಮಾಡುವ ಬದಲು ತಮ್ಮ ಬೆಕ್ಕನ್ನು ಸಹಲೇಖಕ ಮಾಡಿದರು. ಎಫ್.ಡಿ.ಸಿ. ವಿಲ್ಲರ್ಡ್ ಅಂತ. ಬೆಕ್ಕಿಗೆ ಸಿಕ್ಕಿದ್ದು ನಿಮಗೆ ಸಿಗಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡಿ ಎನ್ನಲಾರೆ, ಬೇಜಾರು ನ್ಯಾಯವೇ.

ನನ್ನ ಅಭಿಪ್ರಾಯ ಕೇಳಿದರೆ ಹೀಗೆ. ಬರೀ ಗದ್ದೆ ತೋರಿಸಿದ್ದರೆ, ಚಾ ಕೊಟ್ಟಿದ್ದರೆ ಧನ್ಯವಾದ ಸಾಕು. ಆದರೆ ಯಾವ ಗಜನಿಯಲ್ಲಿ ಉಪ್ಪು ಎಷ್ಟು ಏರುತ್ತದೆ, ನೆರೆಯಲ್ಲಿ ಮುಳುಗಿದ ಕಗ್ಗ ಎಷ್ಟು ದಿನ ತಡೆಯುತ್ತದೆ ಎಂದು ನೀವು ಹೇಳಿದ್ದೇ ಆ ಪೇಪರಿನ ತಿರುಳಾಗಿದ್ದರೆ ಅದು ಲೇಖಕನ ಕೆಲಸಕ್ಕೆ ಹತ್ತಿರದ್ದು. ಈಗ ಅನೇಕ ಜರ್ನಲ್‌ಗಳಲ್ಲಿ ಯಾರು ಏನು ಮಾಡಿದರು ಎಂದು 14 ಬಗೆಯ ಪಾತ್ರಗಳಲ್ಲಿ ಬರೆಯುವ ಕ್ರಮ ಬಂದಿದೆ. ಯೋಚನೆ ಯಾರದು, ಮಾಹಿತಿ ಯಾರದು, ಬರೆದವರು ಯಾರು, ಹಣ ತಂದವರು ಯಾರು, ಹೀಗೆ. ಮುಂದಿನ ಸಲ ಅವರು ಬಂದಾಗ ಬೀಜ ಕೊಡುವ ಮೊದಲು ಇದನ್ನು ಕೇಳಿ. ಧನ್ಯವಾದದ ಸಾಲು ಯಾವ ಇಂಡೆಕ್ಸಿಗೂ ಬರುವುದಿಲ್ಲ. ಅಘನಾಶಿನಿ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ, ಇನ್ನು ಬರುವವರು ಜಾಸ್ತಿಯೇ.

ಸೈಟೇಶನ್ ಜಾಸ್ತಿ ಅಂದರೆ ಒಳ್ಳೆಯ ಪೇಪರು ಅಂತ ತಾನೇ?
— ಹಳಿಯಾಳ

ಅಲ್ಲ. ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆ ಎಂದು ಸೂಚಿಸಿದ 1998ರ ಪೇಪರನ್ನು 2010ರಲ್ಲಿ ಜರ್ನಲ್ಲೇ ಹಿಂತೆಗೆದುಕೊಂಡಿತು. ಅದನ್ನು ಉಲ್ಲೇಖಿಸಿದವರು ಸಾವಿರಾರು, ಬಹಳಷ್ಟು ಜನ ಬೈಯುವುದಕ್ಕೆ. ಯಂತ್ರಕ್ಕೆ ಬೈಗುಳವೂ ಒಂದೇ, ಹೊಗಳಿಕೆಯೂ ಒಂದೇ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖವಾದ ಪೇಪರುಗಳಲ್ಲಿ ಮೊದಲು ನಿಲ್ಲುವುದು 1951ರ ಲೌರಿ ಅವರದು, 3 ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಇರುವುದು ಪ್ರೋಟೀನ್ ಅಳೆಯುವ ಒಂದು ವಿಧಾನ. ಎಲ್ಲರ ಅಡುಗೆಮನೆಗೂ ಬೇಕಾದ ಸೌಟು.

ತನ್ನ ಪೇಪರನ್ನು ತಾನೇ ಉಲ್ಲೇಖಿಸುವುದು ತಪ್ಪಾ?
— ಯಲ್ಲಾಪುರ

ಹಿಂದಿನ ಕೆಲಸ ಮುಂದುವರಿಸುವಾಗ ಸಹಜ. ಹತ್ತರಲ್ಲಿ ಎಂಟು ತನ್ನದೇ ಆದರೆ ಜನ ನಗುತ್ತಾರೆ.

ನಮ್ಮ ಪರಿಚಯದ ಪ್ರೊಫೆಸರರು ಜಗತ್ತಿನ ಶೇ 2ರಷ್ಟು ಶ್ರೇಷ್ಠ ವಿಜ್ಞಾನಿಗಳಲ್ಲಿ ಒಬ್ಬರು ಎಂದು ದಿನಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದಿದೆ. ಊರಲ್ಲಿ ಸನ್ಮಾನ ಇಟ್ಟುಕೊಂಡಿದ್ದೇವೆ. ಇದು ಪ್ರಶಸ್ತಿಯಾ?
— ಅಂಕೋಲಾ

ಪ್ರಶಸ್ತಿ ಅಲ್ಲ, ಪಟ್ಟಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಜೊತೆಯವರು ಸ್ಕೋಪಸ್ ಮಾಹಿತಿಯಿಂದ 2019ರಿಂದ ಇದನ್ನು ಹೊರತರುತ್ತಿದ್ದಾರೆ. ಯಾರೂ ಅರ್ಜಿ ಹಾಕುವುದಿಲ್ಲ, ಯಾರೂ ಆರಿಸುವುದಿಲ್ಲ, ಕಂಪ್ಯೂಟರ್ ಲೆಕ್ಕ. ಅದರಲ್ಲಿ ಎರಡು ಪಟ್ಟಿಗಳಿವೆ. ಒಂದು ಇಡೀ ವೃತ್ತಿಯದ್ದು, ಇನ್ನೊಂದು ಒಂದೇ ವರ್ಷದ ಸೈಟೇಶನ್‌ಗಳದ್ದು. ಎರಡಕ್ಕೂ ತುಂಬಾ ವ್ಯತ್ಯಾಸವಿದೆ, ಸುದ್ದಿಯಲ್ಲಿ ಅದನ್ನು ಹೇಳುವುದೇ ಇಲ್ಲ. ಒಳ್ಳೆಯ ಮಾತೂ ಇದೆ. ವಿಷಯಗಳನ್ನು 174 ಉಪವಿಷಯಗಳಾಗಿ ಒಡೆದಿದ್ದಾರೆ, ಬೇರೆ ಬೇರೆ ಬುಟ್ಟಿಯ ಮೀನು ಬೆರೆಸದ ಹಾಗೆ. ತನ್ನನ್ನು ತಾನು ಉಲ್ಲೇಖಿಸಿದ್ದನ್ನು ಬಿಟ್ಟೂ ಲೆಕ್ಕ ಕೊಡುತ್ತಾರೆ. ಒಬ್ಬರೇ ಬರೆದದ್ದು, ಮೊದಲ ಹೆಸರು, ಕೊನೆಯ ಹೆಸರು ಎಂದು ಜಾಗಕ್ಕೂ ಬೆಲೆ ಇಟ್ಟಿದ್ದಾರೆ.

ಸನ್ಮಾನ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಭಾಷಣದಲ್ಲಿ ಶೇ 2 ಎಂದು ಹತ್ತು ಸಲ ಹೇಳುವ ಬದಲು ಅವರು ಏನು ಕಂಡುಹಿಡಿದರು ಎಂದು ಅವರಿಂದಲೇ ಹತ್ತು ನಿಮಿಷ ಹೇಳಿಸಿ. ಊರಿನ ಎಷ್ಟೋ ಜನಕ್ಕೆ ಅದು ಗೊತ್ತೇ ಇರುವುದಿಲ್ಲ.

‘ಇಂಪ್ಯಾಕ್ಟ್ ಫ್ಯಾಕ್ಟರ್ 7.834, ಮೂರು ದಿನದಲ್ಲಿ ಪ್ರಕಟಣೆ’ ಎಂದು ಒಂದು ಜರ್ನಲ್‌ನಿಂದ ಮೇಲ್ ಬಂದಿದೆ. ಹಣ ಕೇಳುತ್ತಿದ್ದಾರೆ. ಕಳಿಸಲಾ?
— ಒಬ್ಬ ವಿದ್ಯಾರ್ಥಿನಿ, ಭಟ್ಕಳ

ಬೇಡಮ್ಮ. ಮೂರು ದಿನದಲ್ಲಿ ಪೇಪರನ್ನು ಓದಿ ತಪ್ಪು ಹೇಳುವವರು ಎಲ್ಲಿದ್ದಾರೆ? ದೋಸೆ ಹಿಟ್ಟು ಹುಳಿ ಬರುವುದಕ್ಕೇ ಒಂದು ರಾತ್ರಿ ಬೇಕು.

ಇಂಪ್ಯಾಕ್ಟ್ ಫ್ಯಾಕ್ಟರ್ ಸರಳ ಲೆಕ್ಕ. ಒಂದು ಜರ್ನಲ್ 2023 ಮತ್ತು 2024ರಲ್ಲಿ ಒಟ್ಟು 100 ಪೇಪರು ಹಾಕಿದೆ, ಅವುಗಳಿಗೆ 2025ರಲ್ಲಿ 240 ಸೈಟೇಶನ್ ಬಂದಿದೆ ಎಂದರೆ 2.4. ಅದು ಜರ್ನಲ್‌ನ ಸಂಖ್ಯೆ, ನಿನ್ನ ಪೇಪರಿನದಲ್ಲ. ಇದನ್ನು ಕೊಡುವುದು ಕ್ಲಾರಿವೇಟ್ ಎಂಬ ಕಂಪನಿ, ಮತ್ತು 2023ರಿಂದ ಅವರು ಒಂದೇ ದಶಮಾಂಶ ಕೊಡುತ್ತಾರೆ. ಈಗಿನ ಸಂಖ್ಯೆ ಎಂದು 7.834 ತೋರಿಸಿದರೆ ಅಲ್ಲೇ ಅನುಮಾನ ಬರಬೇಕು. ಸಂಖ್ಯೆ ನಿಜವಾಗಿದ್ದರೂ ವಿಷಯ ನೋಡಬೇಕು. ಗಣಿತದಲ್ಲಿ ಎಲ್ಲರೂ ಕೈ ಮುಗಿಯುವ ಆನಲ್ಸ್ ಆಫ್ ಮ್ಯಾಥಮೆಟಿಕ್ಸ್‌ನದು ಒಂದಂಕಿ, ಕ್ಯಾನ್ಸರಿನ ಒಂದು ಜರ್ನಲ್‌ನದು ನೂರರ ಮೇಲೆ.

ಇನ್ನೊಂದು ವಿಷಯ. ಒಪ್ಪಿತ ಜರ್ನಲ್‌ಗಳ ಯುಜಿಸಿಯ ಕೇರ್ ಪಟ್ಟಿಯಲ್ಲಿದೆ ಎಂದು ಅವರು ಬರೆದಿದ್ದರೆ, ಆ ಪಟ್ಟಿಯನ್ನು ಯುಜಿಸಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿದೆ. ಪಿಎಚ್‌ಡಿ ಪ್ರಬಂಧ ಕೊಡುವ ಮೊದಲು ಪೇಪರು ಇರಲೇಬೇಕೆಂಬ ಕಡ್ಡಾಯವನ್ನೂ 2022ರ ನಿಯಮದಲ್ಲಿ ತೆಗೆದಿದ್ದಾರೆ. ನಿನ್ನ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿದೆಯಾ ಎಂದು ಗೈಡ್ ಹತ್ತಿರ ಕೇಳು. ಗಡಿಬಿಡಿಯಲ್ಲಿ ಹಣ ಕಳಿಸಬೇಡ.

ಕನ್ನಡ ಎಂ.ಎ. ಮಾಡಿ ಬಡಗುತಿಟ್ಟಿನ ಯಕ್ಷಗಾನ ಪ್ರಸಂಗಗಳ ಮೇಲೆ ಪಿಎಚ್‌ಡಿ ಮಾಡಿದ್ದೇನೆ. ಒಂದು ಪುಸ್ತಕ, ಹದಿನಾಲ್ಕು ಲೇಖನ, ಎಲ್ಲ ಕನ್ನಡದಲ್ಲಿ. ಸ್ಕೋಪಸ್‌ನಲ್ಲಿ ನಾನು ಇಲ್ಲವೇ ಇಲ್ಲ. ಸಂದರ್ಶನದಲ್ಲಿ ‘ನಿಮ್ಮ ಎಚ್-ಇಂಡೆಕ್ಸ್ ಎಷ್ಟು’ ಎಂದು ಕೇಳಿದಾಗ ಸೊನ್ನೆ ಎಂದು ಹೇಳಿ ತಲೆ ತಗ್ಗಿಸಿದೆ.
— ಹೊನ್ನಾವರ

ತಲೆ ತಗ್ಗಿಸಬೇಕಾದವರು ಆ ಪ್ರಶ್ನೆ ಕೇಳಿದವರು. ಸೊನ್ನೆ ಎಂದರೆ ಎಣಿಸಿ ನೋಡಿದಾಗ ಏನೂ ಸಿಗಲಿಲ್ಲ ಎಂದರ್ಥ. ನಿಮ್ಮ ವಿಷಯದಲ್ಲಿ ಯಾರೂ ಎಣಿಸಿಯೇ ಇಲ್ಲ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಬಹುಪಾಲು ಇಂಗ್ಲಿಷ್ ಜರ್ನಲ್‌ಗಳ ಬುಟ್ಟಿ. ಕನ್ನಡದ ಸಂಶೋಧನಾ ಪತ್ರಿಕೆ ಅಲ್ಲಿ ಸಿಗುವುದು ಕಷ್ಟ. ಸಾಹಿತ್ಯ, ಜಾನಪದ, ಇತಿಹಾಸದಲ್ಲಿ ದೊಡ್ಡ ಕೆಲಸಗಳು ಪುಸ್ತಕವಾಗಿ ಬರುತ್ತವೆ, ಆ ಪುಸ್ತಕಗಳನ್ನು ಉಲ್ಲೇಖಿಸುವುದೂ ಇನ್ನೊಂದು ಪುಸ್ತಕದ ಅಡಿಟಿಪ್ಪಣಿಯಲ್ಲಿ. ಮುನ್ನುಡಿಯಲ್ಲಿ ಒಬ್ಬರು, ತಾಳಮದ್ದಳೆಯ ನಡುವೆ ಅರ್ಥಧಾರಿಯೊಬ್ಬರು ನಿಮ್ಮ ಮಾತು ಎತ್ತಿದರೆ ಅದನ್ನು ಯಾವ ಯಂತ್ರ ಹಿಡಿಯುತ್ತದೆ?

ಇದು ನಾನೊಬ್ಬಳೇ ಹೇಳುವ ಮಾತಲ್ಲ. ಸಂಶೋಧನೆಯನ್ನು ಅಳೆಯುವುದನ್ನೇ ಕಸುಬು ಮಾಡಿಕೊಂಡವರು 2015ರಲ್ಲಿ ಲೈಡನ್ ಪ್ರಣಾಳಿಕೆ ಎಂದು ಹತ್ತು ಸೂತ್ರ ಬರೆದರು. ಅದರಲ್ಲಿ ಒಂದು, ಸ್ಥಳೀಯವಾಗಿ ಮುಖ್ಯವಾದ ಸಂಶೋಧನೆಯನ್ನು ಕಾಪಾಡಿ ಅಂತ. ಮುಂದಿನ ಸಂದರ್ಶನಕ್ಕೆ ಹೋಗುವಾಗ ಒಂದು ಹಾಳೆ ತಯಾರು ಮಾಡಿಕೊಳ್ಳಿ. ನಿಮ್ಮ ಪುಸ್ತಕ ಯಾವ ಲೈಬ್ರರಿಗಳಲ್ಲಿದೆ, ಯಾವ ಪಠ್ಯದಲ್ಲಿ ಓದಿಸುತ್ತಾರೆ, ಯಾರ ಪ್ರಬಂಧದ ಗ್ರಂಥಋಣದಲ್ಲಿ ಬಂದಿದೆ, ಎಲ್ಲಿ ವಿಮರ್ಶೆ ಬಂದಿದೆ. ಎಚ್-ಇಂಡೆಕ್ಸ್ ಕೇಳಿದರೆ ‘ನನ್ನ ವಿಷಯವನ್ನು ಅದು ಎಣಿಸುವುದಿಲ್ಲ ಸರ್, ಎಣಿಸಿದ್ದು ಇಲ್ಲಿದೆ’ ಎಂದು ಹಾಳೆ ಮುಂದಿಡಿ. ಕೆಲಸ ಸಿಗುತ್ತದೆ ಎಂದು ನಾನು ಬರೆದುಕೊಡುವುದಿಲ್ಲ. ಸೊನ್ನೆ ಎಂದು ಮಾತ್ರ ಹೇಳಬೇಡಿ.

ಅಕ್ಕಾ, ಇವರ ಇಂಡೆಕ್ಸು, ಫ್ಯಾಕ್ಟರು ಎಲ್ಲ ಕಟ್ಟಿಕೊಂಡು ನಮ್ಮ ಅಡಿಕೆ ತೋಟಕ್ಕೆ ಏನಾಗಬೇಕು? ಕೊಳೆರೋಗದ ಮೇಲೆ ಇಷ್ಟು ಜನ ಡಾಕ್ಟರ್ ಆದರು, ಕೊಳೆ ಹೋಯಿತಾ?
— ಸಿದ್ದಾಪುರ

ಕೊಳೆ ಹೋಗಿಲ್ಲ ತಮ್ಮಾ, ಆದರೆ ಕೊಳೆಗೆ ಮದ್ದು ಹೊಡೆಯುತ್ತೀ ಅಲ್ವಾ? ಆ ಬೋರ್ಡೋ ದ್ರಾವಣ ನಮ್ಮ ಅಡಿಕೆ ಮರಕ್ಕೆ ಹೇಗೆ ಬಂತು ಹೇಳುತ್ತೇನೆ ಕೇಳು. ಲೆಸ್ಲಿ ಕೋಲ್ಮನ್ ಎಂಬ ಕೆನಡಾದವರು 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದರು. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ನಿನ್ನ ಪಕ್ಕದ ಸಾಗರ ಮೈಸೂರಿನಲ್ಲಿ. ಕೋಲ್ಮನ್ ಮಲೆನಾಡಿನ ಮಳೆಯಲ್ಲಿ ತೋಟ ತೋಟ ನೋಡಿ, ಕೊಳೆಗೆ ಕಾರಣ ಫೈಟೋಫ್ತೋರಾ ಎಂಬ ಶಿಲೀಂಧ್ರದಂಥ ಜೀವಿ ಎಂದು ತೋರಿಸಿದರು. ಮಳೆ ಹಿಡಿಯುವ ಮೊದಲೇ ಗೊನೆಗೆ ಮೈಲುತುತ್ತ ಸುಣ್ಣದ ದ್ರಾವಣ ಹೊಡೆಯಬೇಕೆಂದರು. ಫ್ರಾನ್ಸಿನ ದ್ರಾಕ್ಷಿ ತೋಟದ ಮದ್ದು ಅದು. ಇದನ್ನೆಲ್ಲ ಅವರು 1910ರಲ್ಲಿ ಬರೆದದ್ದು ದೊಡ್ಡ ಜರ್ನಲ್‌ನಲ್ಲಲ್ಲ, ಇಲಾಖೆಯ ಒಂದು ಬುಲೆಟಿನ್‌ನಲ್ಲಿ. ಅದಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಇರಲಿಲ್ಲ, ಆ ಪದ ಹುಟ್ಟಿದ್ದೇ ನಲವತ್ತೈವತ್ತು ವರ್ಷ ಆದ ಮೇಲೆ.

ನೂರು ವರ್ಷ ದಾಟಿದರೂ ಪ್ರತಿ ಮಳೆಗಾಲ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಲೆಕ್ಕ ಹಾಕಿ ಡ್ರಮ್ಮು ಕಲಕುತ್ತೇವೆ. ಕೊನೆಗೌಡ ಮರ ಹತ್ತಿ ಹೊಡೆಯುತ್ತಾನೆ. ಅವನು ಕೋಲ್ಮನ್ ಹೆಸರು ಕೇಳಿರುವುದಿಲ್ಲ. ಅದನ್ನು ಸೈಟೇಶನ್ ಎಂದು ಎಣಿಸುವ ಪುಣ್ಯಾತ್ಮರು ಇನ್ನೂ ಹುಟ್ಟಿಲ್ಲ.

ಈಗಿನ ಡಾಕ್ಟರುಗಳ ಮೇಲೆ ನಿನಗೆ ಸಿಟ್ಟಿದ್ದರೆ ಅದರಲ್ಲಿ ಅರ್ಧಕ್ಕೆ ನನ್ನ ಒಪ್ಪಿಗೆ ಇದೆ. ತೋಟದಲ್ಲಿ ನಾಲ್ಕು ವರ್ಷ ನಿಂತು ಒಂದು ಪೇಪರು ಬರೆದವನಿಗಿಂತ ಲ್ಯಾಬಿನಲ್ಲಿ ಕೂತು ವರ್ಷಕ್ಕೆ ನಾಲ್ಕು ಬರೆದವನಿಗೆ ಬಡ್ತಿ ಬೇಗ ಸಿಗುತ್ತದೆ, ಮತ್ತೆ ತೋಟಕ್ಕೆ ಯಾರು ಬರುತ್ತಾರೆ? ಶಿರಸಿಯ ಅರಣ್ಯ ಕಾಲೇಜಿನ ಹುಡುಗರೋ ಕೃಷಿ ವಿಜ್ಞಾನಿಗಳೋ ನಿಮ್ಮ ಕಡೆ ಬಂದರೆ ಎರಡು ಮರ ಬಿಟ್ಟುಕೊಟ್ಟು ಸಹಕರಿಸು. ಪೇಪರು ಬಂದಾಗ ಕುಮಟಾದವರಿಗೆ ಹೇಳಿದ್ದನ್ನು ನೀನೂ ಕೇಳು.

ಅದಿರಲಿ, ಎರಡನೇ ಸಲದ ಮದ್ದು ಹೊಡೆಸಿದ್ದೀಯಾ? ನಮ್ಮಲ್ಲಿ ಕೊನೆಗೌಡನೇ ಸಿಕ್ಕಿಲ್ಲ.